ಪಕ್ಕದ ಟೇಬಲ್ ನೋಡಿ

ಹೋಟೆಲಿನಲ್ಲಿ ತಾರತಮ್ಯ ಆಯಿತು ಎಂದು ಯಾರಾದರೂ ಹೇಳಿದರೆ ಸುತ್ತಲಿನವರ ಬಾಯಿಂದ ಬರುವ ಮೊದಲ ಮಾತು "ಅವತ್ತು ರಶ್ ಇತ್ತೇನೋ" ಎಂಬುದು. ಹೇಳಿದವರೂ ಸುಮ್ಮನಾಗುತ್ತಾರೆ. ರಶ್ ಇದ್ದಿರಲೂಬಹುದು. ಆದರೆ ರಶ್ಶಿನ ದಿನ ಎಲ್ಲರಿಗೂ ತಡವಾಗುತ್ತದೆ. ತಿಂಡಿ ತಣ್ಣಗಾದದ್ದು, ಸಪ್ಲೈಯರ್ ಸಿಡುಕಿದ್ದು, ನೀರು ಬಾರದೇ ಇದ್ದದ್ದು ಹಾಲ್‌ನಲ್ಲಿ ಕೂತ ಎಲ್ಲರ ಪಾಡೂ ಆಗಿದ್ದರೆ ಅದು ಕೆಟ್ಟ ಸರ್ವಿಸ್. ನಿಮಗೆ ಮಾತ್ರ ಹಾಗಾಗಿ, ನಿಮ್ಮ ನಂತರ ಬಂದು ಪಕ್ಕದಲ್ಲಿ ಕೂತವರಿಗೆ ಎಲ್ಲವೂ ಸರಿಯಾಗಿ ಬಂದಿದ್ದರೆ ಅದು ಬೇರೆಯೇ ವಿಷಯ. ಆದ್ದರಿಂದ ಇಲ್ಲಿ ಅಳತೆಗೋಲು ನಿಮ್ಮ ಮನಸ್ಸಿಗಾದ ನೋವೂ ಅಲ್ಲ, ಮಾಲೀಕರ ಸಮಜಾಯಿಷಿಯೂ ಅಲ್ಲ, ಪಕ್ಕದ ಟೇಬಲ್ಲು.

ಕಾನೂನೂ ಇದೇ ಅಳತೆಗೋಲು ಹಿಡಿದಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಹೇಳುವುದು ಇಷ್ಟು: ಬೇರೆಯವರಿಗೆ ಮಾಮೂಲಾಗಿ ಮಾರುವ ಸಾಮಾನನ್ನು, ಮಾಡುವ ಸೇವೆಯನ್ನು ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಷರತ್ತಿನ ಮೇಲೆ ಕೊಡಲು ಅಸ್ಪೃಶ್ಯತೆಯ ಕಾರಣಕ್ಕೆ ನಿರಾಕರಿಸಿದರೆ ಅಪರಾಧ. ಹೊತ್ತು, ಜಾಗ, ಷರತ್ತು. ಜಾತಿಯಿರಲಿ, ಬಟ್ಟೆಯಿರಲಿ, ಭಾಷೆಯಿರಲಿ, ತಾರತಮ್ಯವನ್ನು ಗುರುತಿಸಲು ಈ ಮೂರನ್ನು ಒಂದೊಂದಾಗಿ ನೋಡಿದರೆ ಸಾಕು.

ಕೂತು ತಿನ್ನುವ ದೊಡ್ಡ ರೆಸ್ಟೋರೆಂಟುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಹಾಲ್‌ನ ವ್ಯವಸ್ಥೆ ಗೊತ್ತಿರಬೇಕು. ಟೇಬಲ್ಲುಗಳನ್ನು ಸಪ್ಲೈಯರ್‌ಗಳಿಗೆ ಹಂಚಿರುತ್ತಾರೆ, ಸಾಮಾನ್ಯವಾಗಿ ಒಬ್ಬೊಬ್ಬರಿಗೆ ನಾಲ್ಕರಿಂದ ಆರು. ಯಾರನ್ನು ಎಲ್ಲಿ ಕೂರಿಸಬೇಕು ಎಂಬುದು ಬಾಗಿಲಲ್ಲಿ ನಿಂತ ಕ್ಯಾಪ್ಟನ್ ಕೈಯಲ್ಲಿರುತ್ತದೆ. ಒಳಗೆ ಬರುವವರ ಚಪ್ಪಲಿ, ಬಟ್ಟೆ, ಕಾರು, ಆಡುವ ಭಾಷೆ ನೋಡಿ ಬಿಲ್ ಎಷ್ಟಾಗಬಹುದು, ಟಿಪ್ಸ್ ಎಷ್ಟು ಬರಬಹುದು ಎಂದು ಆ ಕ್ಷಣದಲ್ಲೇ ಒಂದು ಅಂದಾಜು ಆಗಿಬಿಡುತ್ತದೆ. ಕಿಟಕಿ ಪಕ್ಕದ್ದು ಒಬ್ಬರಿಗೆ, ಅಡುಗೆಮನೆ ಬಾಗಿಲಿನ ಎದುರಿನದೋ ಕೈತೊಳೆಯುವ ಬೇಸಿನ್ ಪಕ್ಕದ್ದೋ ಇನ್ನೊಬ್ಬರಿಗೆ. ಟಿಪ್ಸ್ ಆಯಾ ಸಪ್ಲೈಯರ್ ಜೇಬಿಗೇ ಹೋಗುವ ಕಡೆ ಈ ಅಂದಾಜು ಇನ್ನೂ ಬಿಗಿ. ಬೈ-ಟು ಹೇಳುವವರ ಟೇಬಲ್ಲಿಗೆ ಯಾರೂ ಎರಡನೇ ಸಲ ತಿರುಗುವುದಿಲ್ಲ. ಅಂದಾಜು ತಪ್ಪಾಗುವುದೂ ಉಂಟು, ಆದರೆ ಅದು ಗೊತ್ತಾಗುವ ಹೊತ್ತಿಗೆ ಗಿರಾಕಿ ಎದ್ದು ಹೋಗಿರುತ್ತಾರೆ.

ಹೀಗಿರುವಾಗ ನೀವು ನೋಡಬೇಕಾದ ಗುರುತುಗಳಿವು. ಹಾಲ್ ಅರ್ಧ ಖಾಲಿಯಿದ್ದರೂ "ಎಲ್ಲಾ ರಿಸರ್ವ್ ಸಾರ್" ಎಂದು ಮೂಲೆಗೆ ಕಳಿಸಿ, ಹತ್ತು ನಿಮಿಷದಲ್ಲಿ ಬುಕಿಂಗ್ ಇಲ್ಲದೆ ಬಂದವರನ್ನು ಅಲ್ಲೇ ಕೂರಿಸುವುದು. ನಿಮ್ಮ ಕೈಗೆ ಮೆನು ಕೊಡದೆ ಬಾಯಲ್ಲೇ ಎರಡು ಐಟಂ ಹೇಳುವುದು. ಬೇರೆಯವರಿಗೆ ತಿಂದ ಮೇಲೆ ಬಿಲ್, ನಿಮಗೆ ಮೊದಲೇ ದುಡ್ಡು. ನೀವು ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರವಿಲ್ಲ, ಪಕ್ಕದವರು ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಕ್ಯಾಪ್ಟನ್ ಹಾಜರು. ಒಬ್ಬರೇ ಬಂದ ಹೆಂಗಸನ್ನು ಕೇಳದೆಯೇ ಫ್ಯಾಮಿಲಿ ರೂಮಿಗೆ ಕಳಿಸುವುದು. ಗಾಲಿಕುರ್ಚಿಯಲ್ಲಿ ಬಂದವರು ಎದುರಿಗೇ ಇದ್ದರೂ ಜೊತೆಗಿದ್ದವರನ್ನು "ಅವರಿಗೇನ್ ಬೇಕಂತೆ?" ಎಂದು ಕೇಳುವುದು. ಈ ಕೊನೆಯದನ್ನು ಮಾಡುವ ಎಷ್ಟೋ ಹುಡುಗರಿಗೆ ಅದು ತಪ್ಪೆಂದೇ ಗೊತ್ತಿರುವುದಿಲ್ಲ. ಯಾರಾದರೂ ಒಮ್ಮೆ ಹೇಳಿಕೊಟ್ಟರೆ ತಿದ್ದಿಕೊಳ್ಳುತ್ತಾರೆ, ಹೇಳಿಕೊಡಬೇಕು.

ಇನ್ನೊಂದು ತಾರತಮ್ಯ ನಮ್ಮದೇ ಟೇಬಲ್ಲಿನಲ್ಲಿ ನಡೆಯುತ್ತದೆ. ಮಗುವನ್ನು ನೋಡಿಕೊಳ್ಳುವ ಹುಡುಗಿಯನ್ನು ಮನೆಯವರು ಹೋಟೆಲಿಗೆ ಕರೆತಂದಿರುತ್ತಾರೆ. ಸಪ್ಲೈಯರ್ ಐದು ತಟ್ಟೆ ಇಟ್ಟು ಆರನೆಯದನ್ನು ಬಿಡುತ್ತಾನೆ, ನೀರಿನ ಲೋಟವನ್ನೂ ಇಡುವುದಿಲ್ಲ. ಕುರ್ಚಿ ಗೋಡೆ ಪಕ್ಕ ಹೋಗುತ್ತದೆ. ಅವನು ಇದನ್ನು ಕಲಿತದ್ದು ಹಿಂದೆ ಬಂದುಹೋದ ನೂರಾರು ಕುಟುಂಬಗಳಿಂದ. ಇಲ್ಲಿ ಹೋಟೆಲಿನವರನ್ನು ದೂರುವ ಮೊದಲು ಕರೆತಂದವರು ಮಾಡಬೇಕಾದದ್ದು ಒಂದೇ: ಕೂರುವಾಗಲೇ "ನಾವು ಆರು ಜನ, ಆರು ತಟ್ಟೆ" ಎಂದು ಹೇಳಿ, ಮೆನುವನ್ನು ಆ ಹುಡುಗಿಯ ಕೈಗೂ ಕೊಡುವುದು.

ಹಳ್ಳಿಯ ಮತ್ತು ಸಣ್ಣ ಊರುಗಳ ಚಹಾದಂಗಡಿ, ಖಾನಾವಳಿಗಳಲ್ಲಿ ಕಥೆ ಬೇರೆ. ಅಲ್ಲಿ ಅಂದಾಜಿನ ಪ್ರಶ್ನೆಯೇ ಇಲ್ಲ. ಯಾರು ಯಾವ ಕೇರಿಯವರೆಂದು ಎಲ್ಲರಿಗೂ ಗೊತ್ತು. ಎರಡು ಲೋಟದ ಪದ್ಧತಿ ಎಂದರೆ ದಲಿತರಿಗೆಂದೇ ಬೇರೆ ಲೋಟ ಇಟ್ಟು, ಕುಡಿದ ಮೇಲೆ ಅವರ ಕೈಯಲ್ಲೇ ತೊಳೆಸಿ ಇಡಿಸುವುದು. ಈಗ ಅದು ರೂಪ ಬದಲಿಸಿದೆ. ಸ್ಟೀಲ್ ಲೋಟ ಒಬ್ಬರಿಗೆ, ಪೇಪರ್ ಕಪ್ ಇನ್ನೊಬ್ಬರಿಗೆ. ಕೇಳಿದರೆ "ಸ್ವಚ್ಛತೆಗೆ" ಎನ್ನುತ್ತಾರೆ. ಎಲ್ಲರಿಗೂ ಪೇಪರ್ ಕಪ್ ಆದರೆ ಸ್ವಚ್ಛತೆ, ಕೆಲವರಿಗೆ ಮಾತ್ರ ಆದರೆ ಅದೇ ಹಳೆಯ ಎರಡು ಲೋಟ. ಒಳಗಿನ ಬೆಂಚು ಖಾಲಿಯಿದ್ದರೂ ಹೊರಗಿನ ಕಟ್ಟೆಯಲ್ಲಿ ಕೂರಿಸುವುದು, "ಪಾರ್ಸಲ್ ಮಾತ್ರ" ಎನ್ನುವುದು, ನೀರನ್ನು ಲೋಟಕ್ಕೆ ಕೊಡದೆ ಮೇಲಿನಿಂದ ಬೊಗಸೆಗೆ ಹೊಯ್ಯುವುದು, ಕೆಲವರು ಬಂದ ಕೂಡಲೇ ಇಡ್ಲಿ "ಖಾಲಿ" ಆಗುವುದು, ಯಾರಾದರೂ ಪ್ರಶ್ನಿಸಿದರೆ ಅಂಗಡಿಗೇ ನಾಲ್ಕು ದಿನ ಬೀಗ ಹಾಕುವುದು ಎಲ್ಲವೂ ಇದೇ ಸಾಲಿನವು.

ಇವನ್ನು ಸಣ್ಣ ವಿಷಯ ಎನ್ನುವವರು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೆನೆಯಬೇಕು. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಡದೇ ಇದ್ದುದರ ಸುತ್ತ ಬೆಳೆದ ಜಗಳ 2014ರ ಆಗಸ್ಟ್‌ನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬೀಳುವವರೆಗೆ ಹೋಯಿತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿಯ ಹಂತದಲ್ಲಿ ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು.

ಈಗ ಕಾನೂನಿನ ವಿಷಯ. ಸಂವಿಧಾನದ 15(2)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಈ ಐದು ಕಾರಣಗಳಿಗೆ ಅಂಗಡಿ, ಹೋಟೆಲು, ರೆಸ್ಟೋರೆಂಟುಗಳ ಪ್ರವೇಶಕ್ಕೆ ಯಾರನ್ನೂ ತಡೆಯುವಂತಿಲ್ಲ ಎನ್ನುತ್ತದೆ. ಇದು ಸರ್ಕಾರಕ್ಕಷ್ಟೇ ಅಲ್ಲ, ಖಾಸಗಿ ಹೋಟೆಲಿಗೂ ಅನ್ವಯ. ಗೋಡೆಯ ಮೇಲೆ ತೂಗುಹಾಕಿದ "ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ" ಎಂಬ ಬೋರ್ಡಿಗೆ ಇದನ್ನು ಮೀರುವ ಬಲವಿಲ್ಲ. ಕುಡಿದು ಗಲಾಟೆ ಮಾಡುವವರನ್ನು ಹೊರಗೆ ಕಳಿಸಬಹುದು, ಜಾಗ ತುಂಬಿದ್ದರೆ ಕಾಯಿಸಬಹುದು.

1955ರ ಕಾಯ್ದೆಯ 4ನೇ ಸೆಕ್ಷನ್ ಹೋಟೆಲ್ ಪ್ರವೇಶವನ್ನಷ್ಟೇ ಅಲ್ಲ, ಅಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆ ಬಳಸುವುದನ್ನು ತಡೆದರೂ ಅಪರಾಧ ಎನ್ನುತ್ತದೆ. ಲೋಟದ ವಿಷಯ ನೇರವಾಗಿ ಇಲ್ಲಿಗೆ ಬರುತ್ತದೆ. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ ಇಂದಿಗೆ ಏನೇನೂ ಅಲ್ಲ, ಆದರೆ 12ನೇ ಸೆಕ್ಷನ್ನಿನ ಬಲ ದೊಡ್ಡದು. ತೊಂದರೆಗೊಳಗಾದವರು ಪರಿಶಿಷ್ಟ ಜಾತಿಯವರಾಗಿದ್ದರೆ ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಎಂದು ನ್ಯಾಯಾಲಯ ಮೊದಲು ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಹೋಟೆಲಿನವನದು.

ಇದಕ್ಕಿಂತ ಕಠಿಣವಾದದ್ದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989. ಇದಕ್ಕೆ 2015ರಲ್ಲಿ ಮಾಡಿದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅಂಗಡಿಗೆ, ಸಾರ್ವಜನಿಕ ಸ್ಥಳಕ್ಕೆ ಪ್ರವೇಶ ತಡೆಯುವುದು, ಅಲ್ಲಿನ ಪಾತ್ರೆ ಪಗಡ ಬಳಸಲು ಬಿಡದಿರುವುದು ಇದರ 3(1)(ಝಡ್‌ಎ) ಉಪಖಂಡದಡಿ ಬರುತ್ತದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಮಾಡುವವರು ಡಿವೈಎಸ್ಪಿಗಿಂತ ಕೆಳಗಿನವರಾಗಿರಬಾರದು, ತನಿಖೆ ಮುಗಿಸಲು ನಿಯಮ ಕೊಟ್ಟಿರುವ ಗಡುವು 60 ದಿನ. ಆರೋಪಿಗೆ ನಿಮ್ಮ ಅಥವಾ ನಿಮ್ಮ ಮನೆತನದ ಪರಿಚಯ ಮೊದಲೇ ಇತ್ತೆಂದು ತೋರಿಸಿದರೆ ನಿಮ್ಮ ಜಾತಿ ಅವನಿಗೆ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸುತ್ತದೆ. ಒಂದೇ ಊರಿನ ಹೋಟೆಲಿನಲ್ಲಿ ಇದನ್ನು ತೋರಿಸುವುದು ಕಷ್ಟವಲ್ಲ. ನಗರದ ಅಪರಿಚಿತ ರೆಸ್ಟೋರೆಂಟಿನಲ್ಲಿ ಕಷ್ಟ. ಹಾಗಾಗಿ ಅಲ್ಲಿ ಆಡಿದ ಮಾತನ್ನು ಇದ್ದಹಾಗೇ, ಪದ ಬದಲಿಸದೆ ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ.

ತೃತೀಯ ಲಿಂಗಿಗಳ ರಕ್ಷಣೆಗೆ 2019ರ ಕಾಯ್ದೆ, ಅಂಗವಿಕಲರಿಗೆ 2016ರ ಕಾಯ್ದೆ ಇವೆ. ಬಟ್ಟೆ, ಭಾಷೆ, ಬಿಲ್ಲಿನ ಗಾತ್ರದ ಮೇಲೆ ನಡೆಯುವ ತಾರತಮ್ಯ ಮಾತ್ರ 15(2)ರ ಪಟ್ಟಿಯಲ್ಲಿಲ್ಲ. ಇದು ದೊಡ್ಡ ಕೊರತೆ. 2024ರ ಜುಲೈನಲ್ಲಿ ಪಂಚೆ ಉಟ್ಟಿದ್ದ ಹಿರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದರ ಬಾಗಿಲಲ್ಲಿ ತಡೆದಾಗ ಜನ ಬೀದಿಗಿಳಿದರು, ವಿಧಾನಸಭೆಯಲ್ಲೂ ಮಾತಾಯಿತು. ತಮಿಳುನಾಡಿನಲ್ಲಿ ಪಂಚೆ ಉಟ್ಟವರನ್ನು ಕ್ಲಬ್ಬುಗಳು ತಡೆಯದಂತೆ 2014ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಪಂಚೆ ನಮ್ಮಲ್ಲೂ ಮನೆಮನೆಯ ಉಡುಪು, ಅದಕ್ಕೆ ಅಷ್ಟು ಸ್ಪಷ್ಟವಾದ ರಕ್ಷಣೆ ನಮಗೂ ಬೇಕು.

ಸ್ಥಳದಲ್ಲೇ ಏನು ಮಾಡಬೇಕು? ಮೊದಲು ಗಡಿಯಾರ. ಕೂತ ಹೊತ್ತು, ಆರ್ಡರ್ ಕೊಟ್ಟ ಹೊತ್ತು, ನಿಮ್ಮ ನಂತರ ಬಂದ ಟೇಬಲ್ಲಿಗೆ ತಟ್ಟೆ ಬಂದ ಹೊತ್ತು ಇವನ್ನು ಫೋನಿನಲ್ಲಿ ಟೈಪ್ ಮಾಡಿ ನಿಮಗೇ ಒಂದು ಮೆಸೇಜ್ ಕಳಿಸಿಕೊಳ್ಳಿ. ಕಳಿಸಿದ ಸಮಯ ತಾನಾಗಿಯೇ ದಾಖಲಾಗುತ್ತದೆ. ಒಂದು ಎಚ್ಚರಿಕೆ: ಬೇರೆ ಬೇರೆ ತಿಂಡಿಯನ್ನು ಹೋಲಿಸಬೇಡಿ. ಇಡ್ಲಿ ವಡೆ ಎರಡು ನಿಮಿಷದಲ್ಲಿ ಬರುತ್ತದೆ, ಕಾವಲಿಯ ಮೇಲೆ ಸಾಲಿದ್ದರೆ ಮಸಾಲೆ ದೋಸೆಗೆ ಹದಿನೈದು ನಿಮಿಷ ಹಿಡಿಯುವುದು ಸಹಜ. ದೋಸೆಯನ್ನು ದೋಸೆಯ ಜೊತೆಗೇ ಹೋಲಿಸಬೇಕು. ಹೋಲಿಕೆ ತಪ್ಪಿದರೆ ಮಾಲೀಕರ ಮೊದಲ ಮಾತಿಗೇ ನಿಮ್ಮ ದೂರು ಬಿದ್ದುಹೋಗುತ್ತದೆ.

ಆಮೇಲೆ ಕೇಳಿ, ಸಪ್ಲೈಯರ್‌ನನ್ನಲ್ಲ, ಕ್ಯಾಪ್ಟನ್‌ನನ್ನು ಅಥವಾ ಗಲ್ಲಾದಲ್ಲಿ ಕೂತ ಮಾಲೀಕರನ್ನು. ಸಪ್ಲೈಯರ್ ಹುಡುಗ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರುವವನು, ಎಷ್ಟೋ ಸಲ ಮೇಲಿನವರು ಹೇಳಿದ್ದನ್ನೇ ಮಾಡುತ್ತಿರುತ್ತಾನೆ. ಅವನ ಮೇಲೆ ಕೂಗಾಡಿದರೆ ಅವನ ಕೆಲಸ ಹೋಗುತ್ತದೆ, ಪದ್ಧತಿ ಉಳಿಯುತ್ತದೆ. ಕೇಳುವಾಗ ಹೋಲಿಕೆಯನ್ನೇ ಮುಂದಿಡಿ: "ನಾವು ಒಂದೂ ಹತ್ತಕ್ಕೆ ಕೂತ್ವಿ, ಅವರು ಒಂದೂ ಇಪ್ಪತ್ತಕ್ಕೆ ಬಂದ್ರು. ಇಬ್ರೂ ಊಟ ಹೇಳಿದೀವಿ. ಅವರಿಗೆ ಬಂತು, ನಮಗೆ ಇನ್ನೂ ನೀರೇ ಬಂದಿಲ್ಲ. ಯಾಕೆ ಸಾರ್?" "ನಿಮ್ದು ಜಾತಿ ಮಾಡೋ ಹೋಟೆಲ್" ಎಂದು ಶುರು ಮಾಡಿದರೆ ಮಾತು ಜಗಳವಾಗುತ್ತದೆ, ಪ್ರಶ್ನೆ ಹಿಂದೆ ಬೀಳುತ್ತದೆ. ಗಡಿಯಾರದ ಪ್ರಶ್ನೆಗೆ ಅವರು ಉತ್ತರ ಕೊಡಲೇಬೇಕು. ಉತ್ತರವಾಗಿ ಏನಂದರೋ ಅದನ್ನೂ ಬರೆದುಕೊಳ್ಳಿ. ಅಲ್ಲೇ ಕ್ಷಮೆ ಕೇಳಿ ಸರಿಪಡಿಸಿದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಬಿಲ್ ತಗೊಳ್ಳದೆ ಎದ್ದು ಬರಬೇಡಿ. ಅವಮಾನವಾದಾಗ ಎದ್ದು ನಡೆದುಬಿಡಬೇಕು ಅನಿಸುವುದು ಸಹಜ, ಆದರೆ ದೂರು ಕೆಡುವುದು ಹೆಚ್ಚಾಗಿ ಅಲ್ಲೇ. ಕಂಪ್ಯೂಟರ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ದಿನಾಂಕ, ಸಮಯ, ಟೇಬಲ್ ನಂಬರ್, ಕೆಲವು ಕಡೆ ಸಪ್ಲೈಯರ್ ಹೆಸರೋ ಕೋಡೋ ಇರುತ್ತದೆ. ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯನ್ನು ಹೋಟೆಲಿನವರು ಕೆಒಟಿ ಎನ್ನುತ್ತಾರೆ. ಅದರಲ್ಲಿ ಆರ್ಡರ್ ಬಿದ್ದ ನಿಮಿಷ ಇರುತ್ತದೆ, ಅವರ ಕಂಪ್ಯೂಟರಿನಲ್ಲೂ ಉಳಿದಿರುತ್ತದೆ. ಕೈಬರಹದ ಬಿಲ್ ಇರುವ ಕಡೆ ಯುಪಿಐಯಲ್ಲಿ ದುಡ್ಡು ಕೊಡಿ, ಅದು ಹೊತ್ತಿಗೆ ಸಾಕ್ಷಿ. ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ವಾರಗಳಲ್ಲಿ ಹೊಸದು ದಾಖಲಾಗಿ ಹಳೆಯದು ಅಳಿಸಿಹೋಗುತ್ತದೆ. ಅದಕ್ಕೇ ಅಂದೇ ಅಥವಾ ಮರುದಿನವೇ ಟೇಬಲ್ ನಂಬರ್, ಗಂಟೆ ನಮೂದಿಸಿ "ಈ ದೃಶ್ಯ ಅಳಿಸದೆ ಉಳಿಸಿ" ಎಂದು ಇಮೇಲ್‌ನಲ್ಲಿ ಬರೆದು ಕೇಳಿ. ಪಕ್ಕದ ಟೇಬಲ್ಲಿನವರು ಒಪ್ಪಿದರೆ ಅವರ ಹೆಸರು, ಫೋನ್ ನಂಬರ್ ಪಡೆಯಿರಿ. ಇದನ್ನು ಕೇಳಲು ಸಂಕೋಚ ಆಗುತ್ತದೆ, ಆದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ವಿಡಿಯೊ ಮಾಡುವುದಾದರೆ ಲೋಟ, ತಟ್ಟೆ, ಖಾಲಿ ಬೆಂಚು, ಬೋರ್ಡು ಇವು ಮೊದಲು. ಹುಡುಗನ ಮುಖ ಹಾಕಿ ಅಂದೇ ಹರಿಬಿಟ್ಟರೆ ಜನರ ಸಿಟ್ಟೆಲ್ಲ ಅವನ ಮೇಲೆ ಬೀಳುತ್ತದೆ, ಮಾಲೀಕ ಅವನನ್ನು ತೆಗೆದುಹಾಕಿ ಕೈತೊಳೆದುಕೊಳ್ಳುತ್ತಾನೆ. ಮೂಲ ಫೈಲ್ ಫೋನಿನಲ್ಲೇ ಇರಲಿ, ಕತ್ತರಿಸಬೇಡಿ, ವಾಟ್ಸಾಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬೇಡಿ. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಮೂಲ ಇದ್ದರೆ ಅದು ಸುಲಭ.

ಜಾತಿ ತಾರತಮ್ಯದ ದೂರು ಪೊಲೀಸ್ ಠಾಣೆಗೆ ಹೋಗಬೇಕು. ಬರೆದೇ ಕೊಡಿ: ದಿನ, ಗಂಟೆ, ಹೋಟೆಲಿನ ಹೆಸರು, ಆಡಿದ ಮಾತು, ಅಲ್ಲಿದ್ದವರ ಹೆಸರು, ಬೇರೆಯವರಿಗೆ ಏನು ಕೊಟ್ಟರು, ನಿಮಗೇನು ಕೊಟ್ಟರು. ಈ ಕೊನೆಯ ಸಾಲನ್ನು ಬಿಟ್ಟೇಬಿಡುವವರು ಬಹಳ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಠಾಣೆಯವರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಕರ್ತವ್ಯದಲ್ಲಿ ಬೇಕೆಂದೇ ನಿರ್ಲಕ್ಷ್ಯ ತೋರುವ ಅಧಿಕಾರಿಗೂ 1989ರ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ 14566.

ಉಳಿದ ತಾರತಮ್ಯಗಳಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ದಾರಿ. ಮೊದಲು ಮಾಲೀಕರಿಗೆ ಒಂದು ಪತ್ರ, ಉತ್ತರಕ್ಕೆ ಹದಿನೈದು ದಿನ. ನಂತರ ಗ್ರಾಹಕ ಸಹಾಯವಾಣಿ, ಫೋನ್ ನಂಬರ್ 1915. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಘಟನೆ ನಡೆದ ಎರಡು ವರ್ಷದೊಳಗೆ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಮಾಮೂಲಿ ಹೋಟೆಲ್ ಬಿಲ್ ಅದನ್ನು ದಾಟುವುದಿಲ್ಲ. ವಕೀಲರು ಕಡ್ಡಾಯವಲ್ಲ. ಆದರೆ ಗ್ರಾಹಕ ಎನಿಸಿಕೊಳ್ಳಲು ದುಡ್ಡು ಕೊಟ್ಟಿರಬೇಕು ಅಥವಾ ಕೊಡಲು ಒಪ್ಪಿರಬೇಕು. ಬಾಗಿಲಿನಲ್ಲೇ ತಡೆದು ಕಳಿಸಿದ್ದರೆ ಇಲ್ಲಿ ವಾದ ಕಷ್ಟವಾಗುತ್ತದೆ. ಮೊದಲೇ ಟೇಬಲ್ ಬುಕ್ ಮಾಡಿದ್ದರೆ ಆ ಮೆಸೇಜು ನೆರವಿಗೆ ಬರುತ್ತದೆ.

ಹೋಟೆಲ್ ನಡೆಸುವವರಿಗೂ ಕೆಲವು ಮಾತು, ಏಕೆಂದರೆ ಇದರ ಮದ್ದು ನಿಜಕ್ಕೂ ಅವರ ಕೈಯಲ್ಲಿದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳನ್ನು ನೋಡಿ. ಒಂದೇ ಗಲ್ಲಾ, ಎಲ್ಲರೂ ಮೊದಲೇ ದುಡ್ಡು ಕೊಟ್ಟು ಟೋಕನ್ ಪಡೆಯುತ್ತಾರೆ, ಒಂದೇ ಥರದ ತಟ್ಟೆ, ಎಲ್ಲರೂ ನಿಂತೇ ತಿನ್ನುತ್ತಾರೆ. ಮುಖ ನೋಡಿ ಮಣೆ ಹಾಕಲು ಅಲ್ಲಿ ಮಣೆಯೇ ಇಲ್ಲ. ಜಾಗ ಉಳಿಸಲು ಮತ್ತು ಬೇಗ ಮುಗಿಸಲು ಮಾಡಿದ ಆ ವ್ಯವಸ್ಥೆ, ಕೂಲಿಯವರನ್ನೂ ಬ್ಯಾಂಕ್ ಮ್ಯಾನೇಜರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಕೂತು ತಿನ್ನುವ ಹೋಟೆಲಿಗೂ ಇದರಿಂದ ಎರವಲು ತರಬಹುದು. ಕಾಯುವವರ ಹೆಸರು, ಬಂದ ಹೊತ್ತು ಮತ್ತು ಕೂತ ಹೊತ್ತನ್ನು ಎಲ್ಲರಿಗೂ ಕಾಣುವ ಪುಸ್ತಕದಲ್ಲಿ ಬರೆಯಿರಿ. ಟೇಬಲ್ಲುಗಳನ್ನು ಸರದಿಯ ಮೇಲೆ ಕೊಡಿ, ರಿಸರ್ವ್ ಆದದ್ದಕ್ಕೆ ಗಂಟೆ ಬರೆದ ಚೀಟಿ ಇಡಿ. ಕೂತ ಎರಡು ನಿಮಿಷದೊಳಗೆ ನೀರು ಎಂಬ ನಿಯಮ ಎಲ್ಲ ಟೇಬಲ್ಲಿಗೂ ಇರಲಿ. ಟಿಪ್ಸನ್ನು ಒಂದೇ ಡಬ್ಬಿಗೆ ಹಾಕಿಸಿ ರಾತ್ರಿ ಪಾಳಿಯವರೆಲ್ಲರಿಗೂ, ಕ್ಲೀನರ್ ಹುಡುಗರಿಗೂ ಹಂಚಿ. ಟಿಪ್ಸ್ ಒಬ್ಬನ ಜೇಬಿಗೆ ಹೋಗುವುದು ನಿಂತರೆ ಚಪ್ಪಲಿ ನೋಡಿ ಅಂದಾಜು ಹಾಕುವುದೂ ಬಹುಪಾಲು ನಿಲ್ಲುತ್ತದೆ. ಲೋಟ ಒಂದೇ ಥರದ್ದು ಇರಲಿ, ಪೇಪರ್ ಕಪ್ ಪಾರ್ಸಲ್‌ಗೆ ಮಾತ್ರ.

ತಿಂಗಳಿಗೊಮ್ಮೆ ಒಂದು ಶನಿವಾರ ಮಧ್ಯಾಹ್ನದ ಕೆಒಟಿಗಳನ್ನೆಲ್ಲ ತೆಗೆದು ಕೂತುಕೊಳ್ಳಿ. ಕಾಯುವವರ ಪುಸ್ತಕದಲ್ಲಿ ಅವರು ಕೂತ ಹೊತ್ತು ಇರುತ್ತದೆ, ಕೆಒಟಿಯಲ್ಲಿ ಆರ್ಡರ್ ಬಿದ್ದ ಹೊತ್ತು. ಎರಡರ ನಡುವೆ ಹತ್ತು ನಿಮಿಷ ದಾಟಿದ ಟೇಬಲ್ಲುಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಗುರುತು ಹಾಲ್ ತುಂಬ ಹರಡಿದ್ದರೆ ಹಾಲ್‌ಗೆ ಇನ್ನಿಬ್ಬರು ಹುಡುಗರು ಬೇಕು. ಒಂದೇ ಮೂಲೆಯಲ್ಲಿ ಗುಂಪಾಗಿ ಬಿದ್ದಿದ್ದರೆ, ಆ ಮೂಲೆಯಲ್ಲಿ ಯಾರನ್ನು ಕೂರಿಸುತ್ತಿದ್ದೀಯ ಎಂದು ಕ್ಯಾಪ್ಟನ್‌ನನ್ನು ಕರೆದು ಕೇಳಿ.